ಕೂದಲಲ್ಲ ಮಾಮ, ಹೆಲ್ಮೆಟ್ಟು

ತಂಗಿಯ ಮಗಳಿಗೆ ಹದಿಮೂರು. ತಲೆ ತುಂಬ ಗುಂಗುರು. ಭಾನುವಾರ ಎಣ್ಣೆನೀರು ಆದ ಮೇಲೆ ಅದರ ಸಿಕ್ಕು ಬಿಡಿಸಲು ಅವಳಮ್ಮನಿಗೆ ಮುಕ್ಕಾಲು ಗಂಟೆ ಬೇಕು. ಆ ಮನೆಯಲ್ಲಿ ಹಲ್ಲು ಪೂರಾ ಇರುವ ಬಾಚಣಿಗೆಯನ್ನು ನಾನಂತೂ ಕಂಡಿಲ್ಲ. ರಜೆಗೆಂದು ನಮ್ಮಲ್ಲಿಗೆ ಬಂದವಳು ಹೊಸದೊಂದು ವಿಡಿಯೊ ಗೇಮ್ ತೆರೆದು, ಆಟಕ್ಕೆ ಮುಂಚೆ ತನ್ನ ಪಾತ್ರವನ್ನು ತಾನೇ ರೂಪಿಸಿಕೊಳ್ಳುವ ಪುಟದಲ್ಲಿ ಕೂತಿದ್ದಳು. ಮೂಗಿನ ಉದ್ದ, ಗಲ್ಲದ ಚೂಪು, ಎರಡು ಹುಬ್ಬಿನ ನಡುವಿನ ಜಾಗ, ಎಲ್ಲವನ್ನೂ ಎಷ್ಟು ಬೇಕೋ ಅಷ್ಟು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಕೂದಲಿನ ಪಟ್ಟಿಯಲ್ಲಿ ನಲವತ್ತು ಚಿಲ್ಲರೆ ಬಗೆ. ಗುಂಗುರು ಎನ್ನಬಹುದಾದವು ಮೂರು. ಅದರಲ್ಲೊಂದನ್ನು ಆರಿಸಿ ಪಾತ್ರವನ್ನು ಓಡಿಸಿದಳು, ಹಾರಿಸಿದಳು, ಬಿರುಗಾಳಿಗೆ ಒಡ್ಡಿದಳು. ಅಂಗಿಯ ಚುಂಗು ಪಟಪಟ ಹಾರಿತು. ಕೂದಲು ಮಿಸುಕಲಿಲ್ಲ.

“ಇದು ಕೂದಲಲ್ಲ ಮಾಮ, ಹೆಲ್ಮೆಟ್ಟು” ಎಂದಳು.

ಅವಳಿಗೆ ಅವತ್ತು ಹೊಳೆದ ಈ ಮಾತನ್ನು ಅಮೆರಿಕ, ಬ್ರಿಟನ್, ಆಫ್ರಿಕಾದ ಕಪ್ಪು ಆಟಗಾರರು ವರ್ಷಾನುಗಟ್ಟಲೆಯಿಂದ ಹೇಳುತ್ತ ಬಂದಿದ್ದಾರೆ. ಅವರಲ್ಲಿ ಅನೇಕರ ಕೂದಲಿನೆದುರು ನಮ್ಮ ಮನೆಯ ಗುಂಗುರು ಲೆಕ್ಕಕ್ಕೇ ಇಲ್ಲ. ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗಿನಷ್ಟು ಬಿಗಿಯಾದ ಸುರುಳಿಗಳು ಒಂದರೊಳಗೊಂದು ಹೊಕ್ಕು, ತಲೆಯ ಮೇಲೆ ಮೋಡದ ಹಾಗೆ ನಿಲ್ಲುವ ಕೂದಲು ಅದು. ಎಳೆದರೆ ಭುಜ ಮುಟ್ಟುತ್ತದೆ, ಬಿಟ್ಟರೆ ಚಂಗನೆ ಕಿವಿಯ ಮೇಲಕ್ಕೆ ಹೋಗುತ್ತದೆ. ಇದನ್ನು ಯಾಕೆ ಸರಿಯಾಗಿ ತೋರಿಸುವುದಿಲ್ಲ ಎಂದರೆ ಬಹಳ ಕಾಲ ಸಿಗುತ್ತಿದ್ದ ಉತ್ತರ ಒಂದೇ: ಅದು ತುಂಬ ಕಷ್ಟ. ಸುಳ್ಳೇನಲ್ಲ. ಆದರೆ ಆ ಕಷ್ಟದಲ್ಲಿ ಕೂದಲಿನ ಪಾಲೆಷ್ಟು, ಅಳೆಯಲು ಹಿಡಿದ ಕೋಲಿನ ಪಾಲೆಷ್ಟು ಎಂಬುದನ್ನು ಬೇರೆಬೇರೆ ಮಾಡಿ ನೋಡಬೇಕು.

ಮೊದಲು ಎಲ್ಲ ಕೂದಲಿಗೂ ಅನ್ವಯಿಸುವ ಲೆಕ್ಕ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಎಳೆಗಳಿರುತ್ತವೆ. ಸರಾಗವಾಗಿ ಓಡುವ ಆಟವೊಂದು ಸೆಕೆಂಡಿಗೆ 60 ಚಿತ್ರ ಬಿಡಿಸಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವುದು 17 ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಬೀದಿ, ಮಳೆ, ಶತ್ರು, ಗುಂಡು, ನೆರಳು ಎಲ್ಲ ಮುಗಿದು, ಉಳಿದ ಚೂರುಪಾರು ಸಮಯ ಕೂದಲಿಗೆ. ಸಿನಿಮಾದವರಿಗೆ ಈ ಅವಸರವಿಲ್ಲ. ಒಂದೇ ಒಂದು ಫ್ರೇಮಿಗೆ ಕಂಪ್ಯೂಟರನ್ನು ಗಂಟೆಗಟ್ಟಲೆ ದುಡಿಸುತ್ತಾರೆ. 2012ರ ‘ಬ್ರೇವ್’ ಚಿತ್ರದ ಮೆರಿಡಾ ಎಂಬ ಹುಡುಗಿಯ ಕೆಂಪು ಗುಂಗುರಿಗಾಗಿ ಪಿಕ್ಸಾರ್ ಹೊಸ ತಂತ್ರಾಂಶವನ್ನೇ ಬರೆಯಿತು. ಆಟ ಮಾಡುವವರಿಗೆ ಆ ಭಾಗ್ಯವಿಲ್ಲ.

ಹಾಗಾಗಿ ಅವರು ಮೊದಲಿನಿಂದಲೂ ಕೂದಲನ್ನು ಏಮಾರಿಸುತ್ತ ಬಂದರು. ‘ಟೂಂಬ್ ರೇಡರ್’ನ ಲಾರಾ ಕ್ರಾಫ್ಟ್‌ಗೆ ಉದ್ದ ಜಡೆ ಎಂದು ಮೊದಲೇ ನಿಶ್ಚಯವಾಗಿತ್ತು. ಆದರೆ 1996ರ ಮೊದಲ ಆಟದಲ್ಲಿ ಅದನ್ನು ಓಡುತ್ತ ಹಾರುತ್ತ ತೂಗಾಡಿಸಲು ಆಗದೆ, ಆಡುವ ಹೊತ್ತಿನಲ್ಲಿ ತುರುಬು ಕಟ್ಟಿ ಕಳಿಸಿದರು. ಜಡೆ ಬೆನ್ನಿಗಿಳಿದದ್ದು 1997ರ ಎರಡನೆಯ ಆಟದಲ್ಲಿ. ಅದೂ ಒಂದಕ್ಕೊಂದು ಪೋಣಿಸಿದ ಗಟ್ಟಿ ತುಂಡುಗಳ ಸರ ಅಷ್ಟೆ.

ಆಮೇಲೆ ಬಂದದ್ದು ‘ಹೇರ್ ಕಾರ್ಡ್’. ಇವತ್ತಿಗೂ ಹೆಚ್ಚಿನ ಆಟಗಳ ಕೂದಲು ಇದೇ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯ ಮೇಲೆ ಇಪ್ಪತ್ತು ಮೂವತ್ತು ಕೂದಲಿನ ಚಿತ್ರ ಬರೆದು, ಬೋಳುತಲೆಯ ಬೊಂಬೆಗೆ ಹಂಚು ಹೊದಿಸಿದಂತೆ ಸಾಲಾಗಿ ಅಂಟಿಸಿ ಎಂದರೆ ಹೇಗೋ ಹಾಗೆ. ಒಂದು ಲಕ್ಷ ಎಳೆಯ ಕೆಲಸ ಕೆಲವು ನೂರು ಪಟ್ಟಿಗಳಲ್ಲಿ ಮುಗಿಯಿತು. ನೇರ ಕೂದಲಿಗೆ ಇದು ಎಷ್ಟು ಚೆನ್ನಾಗಿ ಒಗ್ಗುತ್ತದೆಂದರೆ ಮೋಸ ಕಾಣುವುದೇ ಇಲ್ಲ. ನೇರ ಕೂದಲು ಸಹಜವಾಗಿಯೇ ಪಟ್ಟಿ ಪಟ್ಟಿಯಾಗಿ ಇಳಿಯುವಂಥದ್ದು, ಗಾಳಿಗೆ ಒಟ್ಟಾಗಿ ಹಾರುವಂಥದ್ದು.

ಈಗ ಇದೇ ಪಟ್ಟಿಯಿಂದ ಮೋಡ ಕಟ್ಟಿ ನೋಡಿ. ಆಫ್ರೋ ಎಂದು ಕರೆಯುವ ಆ ಮೋಡದಂಥ ಕೂದಲಿಗೆ ಇಳಿಯುವ ದಿಕ್ಕೇ ಇಲ್ಲ. ಅದು ಎಲ್ಲ ಕಡೆಗೂ ಉಬ್ಬುತ್ತದೆ. ಪಟ್ಟಿಗಳನ್ನು ಅಡ್ಡಾದಿಡ್ಡಿ ಚುಚ್ಚಬೇಕು. ಪಕ್ಕದಿಂದ ನೋಡಿದರೆ ಪಟ್ಟಿಯ ಅಂಚು ಗೆರೆಯಾಗಿ ಕಾಣುತ್ತದೆ. ಒಂದರ ಹಿಂದೊಂದು ಪಾರದರ್ಶಕ ಪದರ ಬಂದಷ್ಟೂ ಯಾವುದು ಮುಂದೆ ಯಾವುದು ಹಿಂದೆ ಎಂದು ಲೆಕ್ಕ ಹಾಕಿ ಯಂತ್ರ ಏದುಸಿರು ಬಿಡುತ್ತದೆ. ಕೊನೆಗೆ ಬೇಸತ್ತ ಕಲಾವಿದ ಒಂದು ಗಟ್ಟಿ ಗೋಳ ಮಾಡಿ, ಮೇಲೆ ಗುಂಗುರಿನ ಚಿತ್ರ ಬಳಿದು ಕೈ ತೊಳೆದುಕೊಳ್ಳುತ್ತಾನೆ. ನಮ್ಮ ಹುಡುಗಿ ಹೇಳಿದ ಹೆಲ್ಮೆಟ್ಟು ಹುಟ್ಟುವುದು ಹೀಗೆ.

ಪಟ್ಟಿ ಬಿಟ್ಟು ಎಳೆ ಎಳೆಯನ್ನೇ ಬಿಡಿಸುವ ದಾರಿಯೂ ಬಂತು. 2013ರ ‘ಟೂಂಬ್ ರೇಡರ್’ನಲ್ಲಿ ಎಎಂಡಿ ಕಂಪನಿಯ ಟ್ರೆಸ್‌ಎಫ್‌ಎಕ್ಸ್, 2015ರ ‘ದಿ ವಿಚರ್ 3’ರಲ್ಲಿ ಎನ್‌ವಿಡಿಯಾದ ಹೇರ್‌ವರ್ಕ್ಸ್. ಲಾರಾಳ ಕೂದಲು ಮಳೆಯಲ್ಲಿ ತೊಯ್ದು ತೂಗಿತು, ‘ವಿಚರ್’ ನಾಯಕ ಗೆರಾಲ್ಟ್‌ನ ಬಿಳಿ ಕೂದಲು ಕುದುರೆಯ ಓಟಕ್ಕೆ ಕುಣಿಯಿತು, ಆಡುವವರ ಕಂಪ್ಯೂಟರು ತೆವಳಿತು. 2020ರ ಹೊತ್ತಿಗೆ ಅನ್‌ರಿಯಲ್ ಎಂಜಿನ್‌ನಂಥ ಎಲ್ಲರ ಕೈಗೆಟಕುವ ಸಾಧನದಲ್ಲೂ ಎಳೆ ಕೂದಲು ಬಂದು ಕೂತಿತು. ಇಷ್ಟಾದ ಮೇಲೆ ಗುಂಗುರಿನ ತಾಪತ್ರಯ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. ಎಳೆ ಕೂದಲಿನಲ್ಲೂ ಒಂದು ಉಪಾಯವಿದೆ. ಆ ಉಪಾಯವೂ ನೇರ ಕೂದಲನ್ನು ನೋಡಿಕೊಂಡೇ ಹುಟ್ಟಿದ್ದು.

ಉಪಾಯ ಇಷ್ಟು. ಲಕ್ಷ ಎಳೆಗಳ ಚಲನೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಕೆಲವು ನೂರು ಮುಂದಾಳು ಎಳೆಗಳನ್ನು ಆರಿಸಿ, ಅವು ಗಾಳಿಗೆ ಹೇಗೆ ಬಾಗುತ್ತವೆ ಎಂಬುದನ್ನಷ್ಟೇ ಲೆಕ್ಕ ಹಾಕಿ, ನಡುವಿನ ಸಾವಿರಾರು ಎಳೆಗಳನ್ನು ಅಕ್ಕಪಕ್ಕದ ಮುಂದಾಳುಗಳಂತೆ ನಡೆಯಿರಿ ಎಂದು ಬಿಟ್ಟುಬಿಡುವುದು. ಕುರಿಮಂದೆಯ ನ್ಯಾಯ. ನೆರೆಯ ಎಳೆಗಳು ಒಂದೇ ಕಡೆ ಹೋಗುವಲ್ಲಿ ಇದು ಸಲೀಸು. ಬಿಗಿ ಸುರುಳಿಯ ತಲೆಯಲ್ಲಿ ಒಂದು ಎಳೆ ಎಡಕ್ಕೆ ಸುತ್ತುತ್ತಿದ್ದರೆ ಪಕ್ಕದ್ದು ಬಲಕ್ಕೆ. ಎರಡರ ಸರಾಸರಿ ತೆಗೆದರೆ ಏನು ಬರುತ್ತದೆ? ನೇರ ಕೂದಲು!

ಇನ್ನು ಬಿಂದುಗಳ ಲೆಕ್ಕ. ನೇರ ಎಳೆಯೊಂದರ ಬಾಗು ಬಳುಕು ತೋರಿಸಲು ಹದಿನೈದು ಬಿಂದು ಧಾರಾಳವಾಯಿತು. ಸುರುಳಿಯ ಒಂದು ಸುತ್ತು ದುಂಡಗೆ ಕಾಣಬೇಕಾದರೆ ಎಂಟಾದರೂ ಬಿಂದು ಬೇಕು. ಮೂವತ್ತು ಸುತ್ತಿನ ಎಳೆಗೆ 240. ಲಕ್ಷ ಎಳೆಗೆ ಗುಣಿಸಿದರೆ ಒಂದು ಕಡೆ 15 ಲಕ್ಷ, ಇನ್ನೊಂದು ಕಡೆ 2 ಕೋಟಿ 40 ಲಕ್ಷ. ಇದು ಬೆರಳೆಣಿಕೆಯ ಲೆಕ್ಕ, ನನ್ನದೇ. ಆದರೂ ಕಷ್ಟದಲ್ಲಿ ಕೂದಲಿನ ಪಾಲು ಸಣ್ಣದಲ್ಲ ಎಂದು ಒಪ್ಪಿಕೊಳ್ಳಲು ಇಷ್ಟು ಸಾಕು.

ಸ್ವಾರಸ್ಯ ಇರುವುದು ಮುಂದೆ. ಬಿಂದುಗಳನ್ನು ಎಷ್ಟು ಬೇಕಾದರೂ ಕೊಡುತ್ತೇವೆ, ಆ ಸುರುಳಿಯ ಆಕಾರ ಯಾವುದು ಹೇಳಿ ಎಂದರೆ ಬರೆದಿಟ್ಟವರೇ ಅಪರೂಪ. ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಕೂದಲಿನ ಅಧ್ಯಯನ ದಶಕಗಳಿಂದ ನಡೆದಿದೆ, ಆದರೆ ಬಹುಪಾಲು ನೇರ ಮತ್ತು ಅಲೆಗೂದಲಿನ ಮೇಲೆ. ಯೇಲ್ ವಿಶ್ವವಿದ್ಯಾಲಯದ ಥಿಯೋಡೋರ್ ಕಿಮ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಶಾಖೆಯ ಕಲಾವಿದ-ಪ್ರಾಧ್ಯಾಪಕ ಎ.ಎಂ. ಡಾರ್ಕ್ ಮತ್ತು ಸಂಗಡಿಗರು 2023ರಲ್ಲಿ ಬಿಗಿ ಸುರುಳಿಯ ಚಲನೆಯ ಬಗ್ಗೆ ಒಂದು ಪ್ರಬಂಧ ಬರೆದರು. 2024ರಲ್ಲಿ ‘ಕರ್ಲಿ-ಕ್ಯೂ’ ಎಂಬ ಇನ್ನೊಂದರಲ್ಲಿ ಅದರ ಆಕಾರವನ್ನೇ ಹಿಡಿದು ನೋಡಿದರು. ಅಲ್ಲಿ ಅವರು ಹೆಸರಿಟ್ಟು ಗುರುತಿಸಿದ ಮೂರು ಸಂಗತಿಗಳು ನನಗೆ ಬಲು ಇಷ್ಟವಾದವು.

ಒಂದು, ಬುಡದ ಹತ್ತಿರ ಎಳೆಗಳಿಗೆ ಲಯವಿಲ್ಲ. ಪ್ರತಿಯೊಂದೂ ತನ್ನಿಷ್ಟದ ಕಡೆ ಹೊರಟು ಸ್ಪಂಜಿನಂಥ ಮೆತ್ತೆಯಾಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಕೋಲಾಟದವರ ಹೆಜ್ಜೆ ಕೂಡಿದಂತೆ ನೆರೆಯ ಎಳೆಗಳು ಒಂದೇ ಸುತ್ತಿಗೆ ಬೀಳುತ್ತವೆ; ಆಗ ಕಣ್ಣಿಗೆ ‘ಒಂದು ಸುರುಳಿ’ ಎಂದು ಕಾಣುತ್ತದೆ. ಎರಡು, ಹೀಗೆ ಹೆಜ್ಜೆ ಕೂಡಿದವರ ನಡುವೆಯೂ ಒಂದೊಂದು ಎಳೆ ತಾಳ ತಪ್ಪುತ್ತದೆ. ಒಂದು ಆವರ್ತ ಬಿಟ್ಟು ಹೊರಗೆ ಜಿಗಿದು ಮುಂದಿನದಕ್ಕೆ ಬಂದು ಸೇರಿಕೊಳ್ಳುತ್ತದೆ. ಗುಂಗುರಿನ ಸುತ್ತ ಕಾಣುವ ನವಿರಾದ ಕೆದರು ಅದೇ. ಅದಿಲ್ಲದಿದ್ದರೆ ಸುರುಳಿ ಕಾರ್ಖಾನೆಯಿಂದ ಬಂದ ಸ್ಪ್ರಿಂಗಾಗುತ್ತದೆ.

ಮೂರನೆಯದನ್ನು ನೋಡಲು ಕಂಪ್ಯೂಟರು ಬೇಕಿಲ್ಲ. ಹಳೆಯ ಲ್ಯಾಂಡ್‌ಲೈನ್ ಫೋನಿನ ಸುರುಳಿ ವೈರು ನೆನಪಿಸಿಕೊಳ್ಳಿ. ಬಲಕ್ಕೆ ಸುತ್ತಿಕೊಂಡು ಬರುತ್ತಿದ್ದ ವೈರು ನಡುವೆ ಎಲ್ಲೋ ಮುರುಟಿ, ಅಲ್ಲಿಂದಾಚೆ ಎಡಕ್ಕೆ ಸುತ್ತತೊಡಗುತ್ತಿತ್ತು. ಎಷ್ಟು ಬಿಡಿಸಿದರೂ ಆ ಗಂಟು ಆಚೀಚೆ ಸರಿಯುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಅಂಥ ಫೋನು ಕಾಣದ ಪೀಳಿಗೆಯವರು ಹಿತ್ತಲಿನ ಸೌತೆ ಬಳ್ಳಿಯ ಹತ್ತಿರ ಹೋಗಲಿ: ಚಪ್ಪರದ ಕಡ್ಡಿಗೆ ಸುತ್ತಿಕೊಂಡ ಎಳೆಯ ನುಲಿ ಅರ್ಧಕ್ಕೆ ಬಂದು ದಿಕ್ಕು ಬದಲಿಸಿರುತ್ತದೆ. ಬಳ್ಳಿಗಳನ್ನು ಕುರಿತ ಬರಹದಲ್ಲಿ ಡಾರ್ವಿನ್ ಕೂಡ ಇದನ್ನು ವಿವರಿಸಿದ್ದಾನೆ. ಅದೇ ತಿರುವು ಬಿಗಿ ಗುಂಗುರಿನಲ್ಲೂ ಇದೆ. ಸಂಶೋಧಕರು ಅದಕ್ಕೆ ಸ್ವಿಚ್‌ಬ್ಯಾಕ್ ಎಂದರು. ತಲೆತಲಾಂತರದಿಂದ ಈ ಕೂದಲನ್ನು ಬಿಡಿಸಿ ಹೆಣೆದ ತಾಯಂದಿರ ಬೆರಳಿಗೆ ಇದು ಗೊತ್ತೇ ಇತ್ತು. ಸೂತ್ರವಾಗಿ ಕಾಗದಕ್ಕಿಳಿಯಲು 2024 ಆಗಬೇಕಾಯಿತು.

ಬೆಳಕಿನದು ಇನ್ನೊಂದು ಕತೆ. ಆಟಗಳಲ್ಲಿ ಕೂದಲಿಗೆ ಬಹುಕಾಲ ಬೆಳಕು ಬಿಟ್ಟದ್ದು 1989ರಲ್ಲಿ ಕಜಿಯಾ ಮತ್ತು ಕೇ ಎಂಬಿಬ್ಬರು ಕೊಟ್ಟ ಸೂತ್ರ. ಅವರು ಅದನ್ನು ಹಾಕಿ ತೋರಿಸಿದ್ದು ಮನುಷ್ಯನ ತಲೆಗಲ್ಲ, ಟೆಡ್ಡಿ ಬೇರ್ ಬೊಂಬೆಯ ತುಪ್ಪಳಕ್ಕೆ! 2003ರಲ್ಲಿ ಸ್ಟೀವ್ ಮಾರ್ಷ್ನರ್ ಮತ್ತು ಜೊತೆಗಾರರು ನಿಜವಾದ ಕೂದಲೆಳೆಯ ಮೇಲೆ ಬೆಳಕು ಬಿಟ್ಟು ಅಳೆದರು: ಒಂದಷ್ಟು ಬೆಳಕು ಮೇಲ್ಮೈಯಿಂದಲೇ ಪುಟಿಯುತ್ತದೆ, ಒಂದಷ್ಟು ಎಳೆಯನ್ನು ತೂರಿ ಆಚೆ ಹೋಗುತ್ತದೆ, ಒಂದಷ್ಟು ಒಳಹೊಕ್ಕು ಹಿಂದಿನ ಗೋಡೆಗೆ ಬಡಿದು ಕೂದಲಿನ ಬಣ್ಣ ಹೊತ್ತು ವಾಪಸು ಬರುತ್ತದೆ. ಸಾಲಾಗಿ ಇಳಿದ ನೇರ ಎಳೆಗಳಲ್ಲಿ ಈ ಪುಟಿತವೆಲ್ಲ ಒಂದೇ ಎತ್ತರದಲ್ಲಿ ಸೇರಿ ತಲೆಯ ಸುತ್ತ ಬಳೆಯಂಥ ಹೊಳಪು ಮೂಡುತ್ತದೆ. ಶಾಂಪೂ ಜಾಹೀರಾತಿನವರು ಮಾರುವುದು ಅದನ್ನೇ.

ಬಿಗಿ ಸುರುಳಿಯಲ್ಲಿ ಬಳೆ ಹುಟ್ಟುವುದಿಲ್ಲ. ಪ್ರತಿ ತಿರುವೂ ಬೆಳಕನ್ನು ಒಂದೊಂದು ಕಡೆ ಎಸೆಯುತ್ತದೆ; ಅಲ್ಲೊಂದು ಇಲ್ಲೊಂದು ಕಿಡಿ, ಒಳಗೆ ಆಳವಾದ ಕತ್ತಲು, ಅಂಚಿನಲ್ಲಿ ಮಾತ್ರ ಬೆಳಕು ಸೋಸಿ ಬರುವ ಪ್ರಭೆ. ಎಳೆಯ ಅಡ್ಡಕೊಯ್ತ ದುಂಡಗಿಲ್ಲ, ಚಪ್ಪಟೆ. ನೆತ್ತಿಯ ಜಿಡ್ಡು ಸುತ್ತು ಸುತ್ತಿನ ದಾರಿಯಲ್ಲಿ ತುದಿಯವರೆಗೆ ಇಳಿಯಲಾರದ್ದರಿಂದ ಕೂದಲು ಒಣಕಲು. ಹಾಗಾಗಿ ಹೊಳಪು ಇನ್ನೂ ಕಡಿಮೆ. ಇದನ್ನರಿಯದೆ ನೇರ ಕೂದಲಿನ ಹೊಳಪನ್ನೇ ತಂದು ಸುರಿದರೆ ಕೂದಲು ಪ್ಲಾಸ್ಟಿಕ್ಕಾಗುತ್ತದೆ, ಇಲ್ಲವೇ ಕಬ್ಬಿಣದ ಜುಂಗಾಗುತ್ತದೆ.

ಪಿಕ್ಸಾರ್‌ನಲ್ಲಿ ಕೆಲಸ ಮಾಡಿ ಬಂದ ಕಿಮ್ 2020ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಒಂದು ಖಾರವಾದ ಲೇಖನ ಬರೆದರು. ಕಂಪ್ಯೂಟರ್ ಮನುಷ್ಯರನ್ನು ಸೃಷ್ಟಿಸುವ ವಿದ್ಯೆ ‘ಚರ್ಮ’ ಎಂದಾಗ ಬೆಳಕು ಒಳಗಿಳಿದು ಹೊಳೆಯುವ ಬಿಳಿ ಚರ್ಮವನ್ನೂ, ‘ಕೂದಲು’ ಎಂದಾಗ ನೇರ ಕೂದಲನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬೆಳೆಯಿತು ಎಂಬುದು ಅದರ ತಿರುಳು. ನನಗೆ ಒಪ್ಪಿಗೆಯಾಗುವ ಮಾತು. ನೇರ ಕೂದಲೇನು ಸುಲಭದ್ದಾಗಿತ್ತೇ? ಒಂದು ಜಡೆ ತೂಗಾಡಿಸಲು ಲಾರಾ ಎರಡನೆಯ ಆಟದವರೆಗೆ ಕಾಯಲಿಲ್ಲವೇ? ಆ ಕಷ್ಟಕ್ಕೆ ಇಪ್ಪತ್ತೈದು ವರ್ಷ ದುಡ್ಡು, ಬುದ್ಧಿ, ಕಾರ್ಖಾನೆಗಟ್ಟಲೆ ಕಂಪ್ಯೂಟರ್ ಚಿಪ್ಪು ಸುರಿದರು. ಗುಂಗುರಿನ ಈ ಕಷ್ಟಕ್ಕೆ ‘ಕಷ್ಟ’ ಎಂದು ಚೀಟಿ ಅಂಟಿಸಿ ಅಟ್ಟದ ಮೇಲಿಟ್ಟರು.

ಚೀಟಿ ಅಂಟಿಸಿದ್ದರ ಫಲ ಅಂಗಡಿಯಲ್ಲಿ ಕಾಣುತ್ತದೆ. ಆಟಗಳಿಗೆ ಬೇಕಾದ ಮೂರು ಆಯಾಮದ ಮಾದರಿಗಳನ್ನು ಮಾರುವ ಜಾಲತಾಣಗಳುಂಟು. ಅಲ್ಲಿ ಕಪ್ಪು ಜನರ ಕೇಶಶೈಲಿ ಹುಡುಕಿದರೆ ಸಿಗುತ್ತಿದ್ದದ್ದು ಬೆರಳೆಣಿಕೆಯಷ್ಟು, ಅದೂ ಅಣಕದಂಥದ್ದು. ಡಾರ್ಕ್ ಅವರು ‘ಓಪನ್ ಸೋರ್ಸ್ ಆಫ್ರೋ ಹೇರ್ ಲೈಬ್ರರಿ’ ಎಂಬ ಉಚಿತ ಸಂಗ್ರಹ ಕಟ್ಟಲು ಹೊರಟದ್ದು ಈ ಕೊರತೆಯಿಂದ. ‘ದಿ ಸಿಮ್ಸ್ 4’ ಆಡುವ ಬ್ರಿಟನ್ನಿನ ಡೇನಿಯಲ್ ಉಡೊಗರನ್ಯಾ ಕಂಪನಿಗಾಗಿ ಕಾಯದೆ ‘ಎಬೋನಿಕ್ಸ್’ ಎಂಬ ಹೆಸರಿನಲ್ಲಿ ತಾವೇ ಕೂದಲು ಮಾಡಿ ಹಂಚಿದರು. ಆಮೇಲೆ ಕಂಪನಿಯೇ ಅವರೊಂದಿಗೆ ಕೈಜೋಡಿಸಿತು.

ಗಂಡಸರ ತಲೆಗೆ ಬಂದರೆ ಒಂದು ತಮಾಷೆ. 2018ರ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದ ಕಿಲ್‌ಮಾಂಗರ್ ಎಂಬ ಪಾತ್ರಕ್ಕೆ ಬದಿ ಬೋಳಿಸಿ, ಮೇಲೆ ಗಿಡ್ಡ ಜಟೆಗಳನ್ನು ಹಣೆಗೆ ಇಳಿಬಿಟ್ಟ ಕ್ರಾಪಿತ್ತು. ಅಲ್ಲಿಂದೀಚೆಗೆ ಆಟಗಳಲ್ಲಿ ಬರುವ ಕಪ್ಪು ತರುಣರೆಲ್ಲ ಅದೇ ಕ್ಷೌರಿಕನ ಹತ್ತಿರ ಹೋಗಿ ಬಂದವರಂತೆ ಕಾಣತೊಡಗಿ, ಆಟಗಾರರು ಅದನ್ನೇ ನಗೆಚಾಟಿಕೆ ಮಾಡಿಕೊಂಡರು. ಫ್ಯಾಷನ್ ಒಂದೇ ಕಾರಣವಲ್ಲ ಎಂದು ನನ್ನ ಅಂದಾಜು. ಜಟೆ ಎಂದರೆ ಗಟ್ಟಿ ಹುರಿ; ಪಾರದರ್ಶಕತೆಯ ರಗಳೆಯಿಲ್ಲ, ಲಾರಾಳ ಜಡೆಯಂತೆ ತುಂಡು ಪೋಣಿಸಿದರಾಯಿತು. ಬೋಳಿಸಿದ ಬದಿಗೆ ಬಣ್ಣ ಬಳಿದರಾಯಿತು. ಬಿಚ್ಚಿದ ಆಫ್ರೋಗಿಂತ ಎಷ್ಟೋ ಅಗ್ಗ.

2023ರಲ್ಲಿ ಸೋಪು ಮಾರುವ ಡವ್ ಮುಂದೆ ಬಂದು, ಡಾರ್ಕ್ ಅವರ ಸಂಗ್ರಹದೊಂದಿಗೆ ಸೇರಿ ‘ಕೋಡ್ ಮೈ ಕ್ರೌನ್’ ಎಂಬ ಉಚಿತ ಕೈಪಿಡಿ ತಂದಿತು. ಇನ್ನೂರಕ್ಕೂ ಹೆಚ್ಚು ಪುಟ, ಹದಿನೈದು ಕೇಶಶೈಲಿ, ಮಾಡುವ ಕ್ರಮ, ಸುತ್ತಲಿನ ಫೋಟೊಗಳು. ಹೆಸರಿನಲ್ಲಿರುವ ಕ್ರೌನ್‌ಗೆ ಹಿನ್ನೆಲೆಯಿದೆ: ಸಹಜ ಕೂದಲಿನ ಕಾರಣಕ್ಕೆ ಶಾಲೆಯಿಂದ, ಕೆಲಸದಿಂದ ಹೊರಗಿಡುವುದನ್ನು ತಡೆಯಲು ಕ್ಯಾಲಿಫೋರ್ನಿಯಾ 2019ರಲ್ಲಿ ತಂದ ಕಾಯಿದೆಯ ಹೆಸರು ಅದು. ತಲೆಕೂದಲಿಗೂ ಕಾನೂನು ಬೇಕಾದ ಊರಿನಲ್ಲಿ ಆಟದ ಕೂದಲು ಬರೀ ಆಟದ ಮಾತಾಗಿ ಉಳಿಯುವುದಿಲ್ಲ. ಆಟದ ಸ್ಟುಡಿಯೋಗಳು ಬರೆಯಬೇಕಿದ್ದ ಪಠ್ಯವನ್ನು ಸೋಪಿನ ಕಂಪನಿ ಬರೆಸಿತಲ್ಲ ಎಂಬುದು ಬೇರೆ ವಿಚಾರ.

ಕೈಪಿಡಿ ಯಾಕೆ ಬೇಕು ಎಂಬುದಕ್ಕೆ ಕಾರ್ನ್‌ರೋ ಎಂಬ ಹೆಣಿಗೆಯೊಂದೇ ಸಾಕು. ಜೋಳದ ಹೊಲದ ಸಾಲು ಎಂದು ಅದರ ಅರ್ಥ. ನಮ್ಮ ಮೂರೆಳೆ ಜಡೆ ಕುತ್ತಿಗೆಯಿಂದ ಕೆಳಗೆ ಗಾಳಿಯಲ್ಲಿ ಹೆಣೆಯುವಂಥದ್ದು. ಕಾರ್ನ್‌ರೋ ನೆತ್ತಿಗೆ ಅಂಟಿಕೊಂಡೇ ಸಾಗುತ್ತದೆ. ಹಣೆಯ ಬಳಿ ಒಂದು ಚಿಟಿಕೆ ಕೂದಲಿನಿಂದ ಶುರು. ಪ್ರತಿ ಹೆಣಿಗೆಗೂ ಕೆಳಗಿನಿಂದ ಇನ್ನೊಂದು ಚಿಟಿಕೆ ಸೇರಿಸುತ್ತ ಹೋಗಬೇಕು. ಹಾಗಾಗಿ ಮುಂದೆ ಸಪೂರ, ಹಿಂದೆ ದಪ್ಪ. ಎರಡು ಸಾಲಿನ ನಡುವೆ ಬೈತಲೆ. ಅಲ್ಲಿ ನೆತ್ತಿಯ ಚರ್ಮ ಕಾಣಬೇಕು, ಬಿಗಿದು ಕಟ್ಟಿದ ಬುಡಗಳು ಕಾಣಬೇಕು. ತಿಳಿಯದ ಕಲಾವಿದ ಒಂದೇ ದಪ್ಪದ ಹಗ್ಗ ಮಾಡಿ ತಲೆಗೆ ಮೆತ್ತುತ್ತಾನೆ. ಹಣೆಯಂಚಿನ ಕತೆಯೂ ಹೀಗೇ. ಗಂಡಸರ ಶೇಪ್‌ಅಪ್ ಎಂಬ ಕ್ಷೌರದಲ್ಲಿ ಅದು ಸ್ಕೇಲಿಟ್ಟು ಗೆರೆ ಎಳೆದಂತೆ ಇರಬೇಕು. ಹೆಂಗಸರಲ್ಲಿ ಹಲವರು ಅಲ್ಲಿನ ನವಿರುಗೂದಲನ್ನು ಜೆಲ್ ಹಚ್ಚಿ ಸಣ್ಣ ಬ್ರಶ್ಶಿನಿಂದ ಬಳ್ಳಿಯಂತೆ ತೀಡಿರುತ್ತಾರೆ. ಅದಲುಬದಲಾದರೆ ಗೊತ್ತಿದ್ದವರಿಗೆ ಥಟ್ಟನೆ ಕಾಣುತ್ತದೆ.

ಇದು ಬೆಂಗಳೂರಿಗೆ ದೂರದ ಮಾತೇನಲ್ಲ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರ್ಯಾಕ್ಟಿವ್‌ನಿಂದ ಹಿಡಿದು ಎಷ್ಟೋ ಸ್ಟುಡಿಯೋಗಳು ಹೊರದೇಶದ ಆಟಗಳ ಚಿತ್ರಕೆಲಸವನ್ನು ಗುತ್ತಿಗೆ ಹಿಡಿದು ಮಾಡುತ್ತ ಬಂದಿವೆ. ಕಾರ್ನ್‌ರೋ ಹೆಣೆಯುವುದನ್ನು ಕಣ್ಣಾರೆ ಕಾಣದ ಹುಡುಗನಿಗೆ ನಾಲ್ಕು ಫೋಟೊ ಕೊಟ್ಟು ವಾರದಲ್ಲಿ ಮುಗಿಸು ಎಂದರೆ ಅವನಾದರೂ ಏನು ಮಾಡಿಯಾನು? ಹಾಗೆಂದು ಅಂಥ ಕೂದಲು ಕರ್ನಾಟಕದಲ್ಲಿ ಇಲ್ಲವೇ ಎಂದರೆ, ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಪೀಳಿಗೆಯ ಸಿದ್ದಿ ಜನರಿದ್ದಾರೆ. ಅಲ್ಲಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತನ್ನ ಮುಖ ತಾನೇ ಮಾಡಲು ಕೂತರೂ ಎದುರಾಗುವುದು ಇಂಥದೇ ಪಟ್ಟಿ.

ನಮ್ಮ ಹುಡುಗಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹೆಲ್ಮೆಟ್ಟಿನ ಮೇಲೊಂದು ಟೋಪಿ ಹಾಕಿಬಿಡೋಣ ಎಂದು ಬಟ್ಟೆಯ ಪುಟಕ್ಕೆ ಹೋದಳು. ಕೂದಲು ಟೋಪಿಯನ್ನು ತೂರಿ ಹೊರಬರಬಾರದೆಂದು ಆಟಗಳಲ್ಲಿ ಒಂದು ಏರ್ಪಾಡಿರುತ್ತದೆ: ಟೋಪಿ ಹಾಕಿದ ಕೂಡಲೇ ಆರಿಸಿದ ಕೂದಲನ್ನು ತೆಗೆದು, ಟೋಪಿಗೆಂದೇ ಮಾಡಿಟ್ಟ ಬೇರೆ ಕೂದಲನ್ನು ಇಡುತ್ತಾರೆ. ಅವಳು ಕೆಂಪು ಉಣ್ಣೆಯ ಟೋಪಿ ಒತ್ತಿದಳು. ಗುಂಗುರು ಮಾಯವಾಗಿ ಕಿವಿಯ ಹಿಂದಿನಿಂದ ಭುಜದವರೆಗೆ ನುಣ್ಣನೆಯ ನೇರ ಕೂದಲು ಇಳಿಯಿತು. ಟೋಪಿ ತೆಗೆದಳು, ಗುಂಗುರು. ಹಾಕಿದಳು, ನೇರ. ಐದಾರು ಸಲ ಹಾಗೆ ಮಾಡಿ ಬಿದ್ದು ಬಿದ್ದು ನಕ್ಕು, ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕೂಗಿ ಕರೆದು ತೋರಿಸಿದಳು.